ಕಲ್ಲಿನ ಗೆರೆ, ನೀರಿನ ಗೆರೆ: ಮಾನ್ಯಖೇಟದ ಮನೆತನದ ಕಲಹಗಳು ಹೇಳುವ ಪಾಠ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಗೆ ತಾಗಿದಂತೆ, ಕುಂಚಾವರಂ ಅರಣ್ಯವಿದೆ. ಅಲ್ಲಿಂದ ಚಿಂಚೋಳಿಯ ಮಾರ್ಗವಾಗಿ ಸೇಡಂ ಕಡೆಗೆ ಬರುವ ಪ್ರಯಾಣಿಕನಿಗೆ ನೆಲದ ಗುಣ ಬದಲಾಗುವುದು ಸ್ಪಷ್ಟವಾಗಿ ಕಾಣುತ್ತದೆ. ಕಾಡಿನ ಕೆಂಪು ಮಣ್ಣು ಹಿಂದೆ ಉಳಿದು, ತೊಗರಿ ಬೆಳೆಯುವ ಎರೆಭೂಮಿ ಎದುರಾಗುತ್ತದೆ. ಆ ಎರೆಯ ಕೆಳಗೆ ಪದರಪದರವಾಗಿ ಸುಣ್ಣಕಲ್ಲಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯ ಈ ಹಾಸುಗಲ್ಲು ನಾಡಿನ ಎಷ್ಟೋ ಮನೆಗಳ, ಬಸದಿಗಳ ನೆಲಕ್ಕೆ ಒದಗಿ ಬಂದಿದೆ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ಇದೇ ರಾಷ್ಟ್ರಕೂಟ ಚಕ್ರವರ್ತಿಗಳ ರಾಜಧಾನಿಯಾಗಿದ್ದ ಮಾನ್ಯಖೇಟ. ಇಂದು ಅಲ್ಲಿ ಉಳಿದಿರುವುದು ಒಂದು ಕೋಟೆ, ಸಣ್ಣದೊಂದು ಊರು, ಹಾಗೂ ಹಳೆಯ ಭಟ್ಟಾರಕ ಪೀಠದ ನೆನಪನ್ನು ಹೊತ್ತ ನೇಮಿನಾಥ ಬಸದಿ.

ಕಲ್ಲು, ಮಣ್ಣು, ಮರಳು, ನೀರು ಈ ನಾಲ್ಕನ್ನೂ ಒಂದೇ ದಿನದ ಪ್ರಯಾಣದಲ್ಲಿ ಕಾಣಿಸುವ ಈ ಸೀಮೆಗೂ ನಮ್ಮ ಸಿದ್ಧಾಂತಕ್ಕೂ ಒಂದು ನಂಟು ಉಂಟು. ಆಚಾರ್ಯ ಗುಣಧರರ ‘ಕಸಾಯಪಾಹುಡ’ವು ಕ್ರೋಧವನ್ನು ಇವೇ ನಾಲ್ಕರ ಮೇಲೆ ಮೂಡುವ ಗೆರೆಗೆ ಹೋಲಿಸುತ್ತದೆ. ಆ ಗ್ರಂಥಕ್ಕೆ ವೀರಸೇನಾಚಾರ್ಯರು ಆರಂಭಿಸಿ, ಶಿಷ್ಯರಾದ ಜಿನಸೇನಾಚಾರ್ಯರು ಮುಗಿಸಿದ ‘ಜಯಧವಲಾ’ ಟೀಕೆ ಅರವತ್ತು ಸಾವಿರ ಗ್ರಂಥಪ್ರಮಾಣದ್ದು. ಅದು ಪೂರ್ಣಗೊಂಡದ್ದು ಶಕವರ್ಷ ೭೫೯ರಲ್ಲಿ, ಎಂದರೆ ಕ್ರಿ.ಶ. ೮೩೭ರಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ. ಮಾನ್ಯಖೇಟದ ಅರಸುಮನೆಯೊಳಗೆ ಅಣ್ಣತಮ್ಮಂದಿರೂ ತಂದೆಮಕ್ಕಳೂ ಹೇಗೆ ಒಬ್ಬರನ್ನೊಬ್ಬರು ನೋಯಿಸಿದರು, ಯಾವ ನೋವು ಮಾಗಿತು, ಯಾವುದು ಮಾಗಲಿಲ್ಲ ಎಂಬುದನ್ನು ಆ ಹೋಲಿಕೆಯ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

ದಾರಿಹೋಕನೊಬ್ಬನು ಆಡಿದ ಕಟುಮಾತು ಬೀದಿಯ ತಿರುವು ದಾಟುವಷ್ಟರಲ್ಲಿ ಮರೆತುಹೋಗುತ್ತದೆ. ಪಾಲುಪಟ್ಟಿಯ ದಿನ ಅಣ್ಣ ಆಡಿದ ಒಂದು ಮಾತನ್ನು ತಮ್ಮನ ಮೊಮ್ಮಕ್ಕಳೂ ನೆನಪಿಟ್ಟಿರುತ್ತಾರೆ. ಹೊರಗಿನವನಿಗೆ ನಮ್ಮ ಮರ್ಮ ತಿಳಿಯದು, ಮನೆಯವರಿಗೆ ತಿಳಿದಿರುತ್ತದೆ. ಆದ್ದರಿಂದಲೇ ಅಹಿಂಸಾಧರ್ಮದಲ್ಲಿ ಹುಟ್ಟಿ ಬೆಳೆದು, ಇರುವೆಯನ್ನೂ ತುಳಿಯದಂತೆ ನಡೆಯಲು ಕಲಿತ ನಾವು, ನಮ್ಮ ಮನೆಯೊಳಗಿನ ಹಿಂಸೆಯನ್ನು ಕುರಿತು ವಿಶೇಷವಾಗಿ ಯೋಚಿಸಬೇಕಾಗಿದೆ.

ಗೆರೆಯ ಲೆಕ್ಕ

ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಸುಖದುಃಖಗಳೆಂಬ ಬೆಳೆ ಬರುವ ಕರ್ಮದ ಹೊಲವನ್ನು ಉಳುವುದರಿಂದ ಅವಕ್ಕೆ ಕಷಾಯವೆಂಬ ಹೆಸರೆಂದು ಆಚಾರ್ಯರು ನಿರುಕ್ತಿ ಹೇಳಿದ್ದಾರೆ. ಒಕ್ಕಲುತನದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಮ್ಮೆ ಉತ್ತ ಹೊಲ ಬರಿದಾಗಿ ಉಳಿಯುವುದಿಲ್ಲ. ಬಿತ್ತಿದ್ದೋ ಕಳೆಯೋ ಏನಾದರೊಂದು ಬೆಳೆದೇ ತೀರುತ್ತದೆ.

ಕ್ರೋಧದ ನಾಲ್ಕು ತರಗಳನ್ನು ಯತಿವೃಷಭಾಚಾರ್ಯರ ಚೂರ್ಣಿಸೂತ್ರಗಳು ಕಾಲದಿಂದ ಅಳೆಯುತ್ತವೆ. ಒಂದು ಅಂತರ್ಮುಹೂರ್ತದೊಳಗೆ, ಎಂದರೆ ೪೮ ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ, ಶಮನವಾಗುವ ಕೋಪವು ನೀರಿನ ಗೆರೆ. ಅದನ್ನು ಮೀರಿ ಹದಿನೈದು ದಿನಗಳೊಳಗೆ ಅಡಗುವುದು ಮರಳಿನ ಗೆರೆ. ಹದಿನೈದು ದಿನಗಳನ್ನು ದಾಟಿ ಆರು ತಿಂಗಳೊಳಗೆ ಇಳಿಯುವುದು ಮಣ್ಣಿನ ಗೆರೆ. ಜನ್ಮಜನ್ಮಾಂತರಗಳಲ್ಲಿಯೂ ಉಪಶಮವಾಗದೆ ನಿಲ್ಲುವುದು ಬೆಟ್ಟದ ಬಂಡೆಯಲ್ಲಿ ಬಿಟ್ಟ ಬಿರುಕು. ಮುಂದೆ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಇದೇ ಹೋಲಿಕೆಯನ್ನು ಎತ್ತಿಕೊಂಡರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೂಗಾಟ ಎಷ್ಟು ಜೋರಾಗಿತ್ತು, ಮಾತು ಎಷ್ಟು ಬಿರುಸಾಗಿತ್ತು ಎಂಬುದು ಈ ಲೆಕ್ಕದಲ್ಲಿ ಬರುವುದಿಲ್ಲ. ಎಷ್ಟು ಕಾಲ ಇಟ್ಟುಕೊಂಡೆವು ಎಂಬುದೊಂದೇ ಇಲ್ಲಿಯ ಅಳತೆ. ಮನೆ ಹಾರಿಹೋಗುವಂತೆ ಕೂಗಾಡಿ ಊಟದ ಹೊತ್ತಿಗೆ ಮರೆತವನ ಕೋಪ ನೀರಿನ ಗೆರೆಯಾಗಬಹುದು. ಒಂದು ಮಾತನ್ನೂ ಆಡದೆ, ನಗುನಗುತ್ತಲೇ, ಹತ್ತು ವರ್ಷ ಅಣ್ಣನ ಮನೆಯ ಹೊಸ್ತಿಲು ತುಳಿಯದವನ ಕೋಪ ಕಲ್ಲಿನ ಗೆರೆಯಾಗಬಹುದು. ಬೇಸಿಗೆಯಲ್ಲಿ ಬಾಯ್ದೆರೆದ ಎರೆಭೂಮಿ ಮುಂಗಾರು ಬಿದ್ದೊಡನೆ ಕೂಡಿಕೊಳ್ಳುವುದನ್ನು ಸೇಡಂ ಸೀಮೆಯ ಪ್ರತಿಯೊಬ್ಬ ರೈತನೂ ಬಲ್ಲ. ಅದೇ ನೆಲದ ಅಡಿಯ ಕಲ್ಲು ಒಮ್ಮೆ ಸೀಳಿತೆಂದರೆ ಎಷ್ಟು ಮಳೆ ಬಂದರೂ ಕೂಡುವುದಿಲ್ಲ.

ಅಣ್ಣತಮ್ಮಂದಿರ ಎರಡು ಕದನಗಳು

ಮಾನ್ಯಖೇಟವು ರಾಜಧಾನಿಯಾಗಿ ಮೆರೆಯುವುದಕ್ಕೆ ಮೊದಲೇ ಈ ವಂಶದಲ್ಲಿ ದಾಯಾದಿ ಕಲಹದ ಬೀಜ ಬಿದ್ದಿತ್ತು. ಒಂದನೆಯ ಕೃಷ್ಣನ ತರುವಾಯ ಹಿರಿಯ ಮಗ ಇಮ್ಮಡಿ ಗೋವಿಂದ ಪಟ್ಟವೇರಿದನು. ಸುಮಾರು ೭೮೦ರಲ್ಲಿ ತಮ್ಮ ಧ್ರುವನು ಅವನನ್ನು ಇಳಿಸಿ ತಾನೇ ಅರಸನಾದನು. ಅಣ್ಣನು ಭೋಗದಲ್ಲಿ ಮುಳುಗಿ ರಾಜ್ಯಭಾರವನ್ನು ತಮ್ಮನಿಗೆ ಬಿಟ್ಟಿದ್ದನೆಂದು ಕರಹಾಡ ಮುಂತಾದ ಶಾಸನಗಳು ಹೇಳುತ್ತವೆ. ಆದರೆ ಅವನ್ನು ಬರೆಯಿಸಿದವರು ಗೆದ್ದ ಧ್ರುವನ ವಂಶಜರು. ಮನೆಯ ಜಗಳದ ಕಥೆಯನ್ನು ಗೆದ್ದವರ ಮಕ್ಕಳು ಒಂದು ರೀತಿ ಹೇಳುತ್ತಾರೆ, ಸೋತವರ ಮಕ್ಕಳು ಇನ್ನೊಂದು ರೀತಿ. ಇಮ್ಮಡಿ ಗೋವಿಂದನ ಪರವಾಗಿ ಮಾತನಾಡುವ ಶಾಸನ ನಮ್ಮ ಮುಂದಿಲ್ಲ. ತಮ್ಮನನ್ನು ಎದುರಿಸಲು ಅವನು ನೆರೆಯ ಅರಸರ ನೆರವನ್ನು ಪಡೆದನೆಂಬುದು ಮಾತ್ರ ತಿಳಿಯುತ್ತದೆ. ನಿನ್ನೆಯ ಶತ್ರುಗಳು ಇಂದು ಅಣ್ಣನ ಬಂಧುಗಳಾದರು. ಇಂದಿನ ಪಾಲುದಾವೆಗಳಲ್ಲಿ ಅಣ್ಣತಮ್ಮಂದಿರ ನಡುವೆ ಹೊರಗಿನವರು ಹಿತೈಷಿಗಳಾಗಿ ಬಂದು ಕೂಡುವ ಬಗೆಯೂ ಇದೇ ಅಲ್ಲವೇ?

ಧ್ರುವನು ತನ್ನ ಅಂತ್ಯಕಾಲ ಸಮೀಪಿಸಿದಾಗ ಮಕ್ಕಳಲ್ಲಿ ಸಮರ್ಥನೆಂದು ಕಂಡ ಗೋವಿಂದನನ್ನು ಉತ್ತರಾಧಿಕಾರಿಯಾಗಿ ಆರಿಸಿದನು. ಗಂಗವಾಡಿಯನ್ನು ಆಳುತ್ತಿದ್ದ ಹಿರಿಯ ಮಗ ಸ್ತಂಭನಿಗೆ (ಶಾಸನಗಳ ಕಂಬರಸ ಅಥವಾ ರಣಾವಲೋಕ ಕಂಭ) ಇದು ಸಹಿಸದ ಅಪಮಾನವಾಯಿತು. ತಂದೆ ಒಬ್ಬ ಮಗನನ್ನು ಎತ್ತಿಕಟ್ಟಿ ಇನ್ನೊಬ್ಬನನ್ನು ಕಡೆಗಣಿಸಿದನೆಂಬ ಭಾವನೆ ಎಷ್ಟು ಆಳವಾಗಿ ನೆಡುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ೭೯೩ರ ಸುಮಾರಿಗೆ ಮುಮ್ಮಡಿ ಗೋವಿಂದನು ಪಟ್ಟಕ್ಕೆ ಬಂದ ಸ್ವಲ್ಪ ಕಾಲದಲ್ಲಿಯೇ ಸ್ತಂಭನು ಹನ್ನೆರಡು ಅರಸರ ಕೂಟದೊಡನೆ ದಂಗೆಯೆದ್ದನು. ಗೋವಿಂದನು ಗೆದ್ದನು.

ಗೆದ್ದ ಮೇಲೆ ಅವನು ಏನು ಮಾಡಿದನೆಂಬುದು ಈ ವಂಶದ ಇತಿಹಾಸದಲ್ಲಿಯೇ ಅಪರೂಪದ ಸಂಗತಿ. ಸೋತ ಅಣ್ಣನನ್ನು ಕೊಲ್ಲಲಿಲ್ಲ, ಸೆರೆಯಲ್ಲಿಡಲಿಲ್ಲ. ಅದೇ ಗಂಗವಾಡಿಯ ಅಧಿಕಾರಕ್ಕೆ ಅವನನ್ನು ಮರಳಿ ನೇಮಿಸಿದನು. ಆ ಬಳಿಕ ಸ್ತಂಭನು ತಮ್ಮನಿಗೆ ನಿಷ್ಠನಾಗಿಯೇ ನಡೆದುಕೊಂಡನು. ಇದಕ್ಕೆ ಒಂದು ತಾಮ್ರಪಟ ಸಾಕ್ಷಿಯಾಗಿದೆ. ೮೦೭ರಲ್ಲಿ ರಣಾವಲೋಕ ಕಂಭರಾಜನು ತನ್ನ ಮಗ ಶಂಕರಗಣ್ಣನ ಬಿನ್ನಹದಂತೆ ತಲವನನಗರದ, ಎಂದರೆ ತಲಕಾಡಿನ, ವಿಜಯ ಬಸದಿಗೆ ಬದನಗುಪ್ಪೆ ಗ್ರಾಮವನ್ನು ದಾನ ಮಾಡಿದನು. ದಾನವನ್ನು ಸ್ವೀಕರಿಸಿದವರು ಕೊಂಡಕುಂದಾನ್ವಯದ ವರ್ಧಮಾನ ಗುರುಗಳು. ಯುದ್ಧ ಮುಗಿದು ಹತ್ತಾರು ವರ್ಷ ಕಳೆದ ಮೇಲೂ ಆ ಅಣ್ಣನು ಅದೇ ನಾಡಿನಲ್ಲಿ, ಅದೇ ತಮ್ಮನ ಪ್ರಭುತ್ವದಲ್ಲಿ, ಮಗನೊಡನೆ ಬಸದಿಯ ಹಿತವನ್ನು ಚಿಂತಿಸುತ್ತಿದ್ದನು. ರಾಜ್ಯವನ್ನೇ ಸೀಳಬಹುದಾಗಿದ್ದ ಕಲಹವು ಮಣ್ಣಿನ ಗೆರೆಯಾಗಿ ಮುಚ್ಚಿತು. ಗೆದ್ದವನು ಮೊದಲು ಕೈ ಚಾಚಿದ್ದೇ ಅದಕ್ಕೆ ಕಾರಣ. ಸೋತವನು ಕ್ಷಮೆ ಬೇಡಿದರೆ ಅದರಲ್ಲಿ ಭಯದ ಅಂಶವೂ ಇರಬಹುದು. ಗೆದ್ದವನು ಕೊಟ್ಟ ಕ್ಷಮೆಯಲ್ಲಿ ಆ ಸಂಶಯಕ್ಕೆ ಎಡೆಯಿಲ್ಲ.

ನೃಪತುಂಗನ ಮನೆ

ಅಮೋಘವರ್ಷನು ೮೧೪ರಲ್ಲಿ ಪಟ್ಟವೇರಿದಾಗ ಇನ್ನೂ ಬಾಲಕ. ಲಾಟದೇಶವನ್ನು ಆಳುತ್ತಿದ್ದ ಚಿಕ್ಕಪ್ಪನ ಮಗ ಕರ್ಕ ಸುವರ್ಣವರ್ಷನು ಅವನ ರಕ್ಷಕನಾಗಿ ನಿಂತನು. ದಂಗೆಯೆದ್ದವರಿಂದ ಸಿಂಹಾಸನ ಕೈತಪ್ಪಿದಾಗ ೮೨೧ರ ವೇಳೆಗೆ ಅದನ್ನು ಮರಳಿ ದೊರಕಿಸಿಕೊಟ್ಟವನೂ ಅವನೇ. ಆದರೆ ಮುಂದಿನ ತಲೆಮಾರಿನಲ್ಲಿ ಅದೇ ಕರ್ಕನ ಮಗ ಧ್ರುವನು ಮಾನ್ಯಖೇಟದ ಸೈನ್ಯದೊಡನೆ ಕಾದಾಡಿ ರಣದಲ್ಲಿ ಮಡಿದನು. ಕಲಹ ಮೊಮ್ಮಗನ ಕಾಲದವರೆಗೂ ನಡೆಯಿತು. ಪ್ರತೀಹಾರ ಭೋಜನ ಭಯ ಎರಡೂ ಮನೆಗಳಿಗೆ ಸಮಾನವಾಗಿ ಒದಗಿದಾಗಲಷ್ಟೇ ಸಂಧಿಯಾಯಿತು. ಕಾಪಾಡಿದವರ ಮಕ್ಕಳೂ ಕಾಪಾಡಿಸಿಕೊಂಡವರೂ ಶತ್ರುಗಳಾಗುವ ಬಗೆಯನ್ನು ನಮ್ಮ ಕುಟುಂಬಗಳಲ್ಲಿಯೂ ಕಾಣುತ್ತೇವೆ. ಉಪಕಾರ ಮಾಡಿದವನಿಗೆ ಅದರ ನೆನಪು ಹೋಗುವುದಿಲ್ಲ; ಉಪಕಾರ ಪಡೆದವನಿಗೆ ಆ ನೆನಪೇ ಭಾರವಾಗುತ್ತದೆ. ಇಲ್ಲಿ ಕೆಲಸ ಮಾಡುವುದು ಕ್ರೋಧಕ್ಕಿಂತ ಮಾನಕಷಾಯ.

ಇನ್ನೊಂದು ನೋವು ಹೊಟ್ಟೆಯಲ್ಲಿ ಹುಟ್ಟಿದ ಮಗನಿಂದ ಬಂದಿತು. ಇಂದಿನ ಗದಗ ಜಿಲ್ಲೆಯ ಕೊಣ್ಣೂರಿನ ಶಾಸನವು ೮೬೦ರಲ್ಲಿ ಅಮೋಘವರ್ಷನು ಮಾನ್ಯಖೇಟದಿಂದ ಮಾಡಿದ ದಾನವನ್ನು ದಾಖಲಿಸುತ್ತದೆ. ಸೇನಾನಿ ಬಂಕೇಯನು ಕಟ್ಟಿಸಿದ ಜಿನಾಲಯಕ್ಕಾಗಿ ದೇವೇಂದ್ರ ಮುನಿಗಳಿಗೆ ಸಂದ ದಾನವಿದು. ಬಂಕೇಯನ ಸೇವೆಯನ್ನು ಬಣ್ಣಿಸುವಾಗ ಶಾಸನವು ಒಂದು ಮನೆಯ ಗುಟ್ಟನ್ನೂ ಬಿಚ್ಚುತ್ತದೆ. ಬಂಕೇಯನು ಗಂಗರ ಮೇಲೆ ದಂಡೆತ್ತಿ ಹೋಗಿ ಜಯದ ಹಾದಿಯಲ್ಲಿದ್ದಾಗ ರಾಜನ ಬಳಿಯಲ್ಲಿಯೇ ಒಳಕ್ಷೋಭೆ ಎದ್ದಿತು. ರಾಜಪುತ್ರನೇ ವಿರೋಧಿಗಳ ಪಕ್ಷವನ್ನು ಸೇರಿದ್ದನು. ಅರಸನ ಕರೆ ಬಂದೊಡನೆ ಬಂಕೇಯನು ಧಾವಿಸಿ ಬಂದು ದಂಗೆಯನ್ನು ಅಡಗಿಸಿದನು. ಆ ರಾಜಪುತ್ರನು ಮುಂದೆ ಇಮ್ಮಡಿ ಕೃಷ್ಣನೆಂಬ ಹೆಸರಿನಿಂದ ಆಳಿದವನೇ ಇರಬೇಕೆಂದು ಇತಿಹಾಸಜ್ಞರು ಊಹಿಸಿದ್ದಾರೆ.

ಶಾಸನವು ಮಗನ ಹೆಸರನ್ನು ಹೇಳದೆ ಬಿಟ್ಟಿರುವುದು ಗಮನಾರ್ಹ. ಹೆಸರನ್ನು ತಾಮ್ರದಲ್ಲಿಯೋ ಕಲ್ಲಿನಲ್ಲಿಯೋ ಕೊರೆಯಿಸಿದ್ದರೆ ಮಗನ ತಪ್ಪು ಶಾಶ್ವತವಾಗುತ್ತಿತ್ತು. ಮುಂದೆ ಸಿಂಹಾಸನವು ಕೃಷ್ಣನಿಗೇ ಬಂದಿತು. ಅವನ ಆಳ್ವಿಕೆಯಲ್ಲಿ, ೮೯೮ರಲ್ಲಿ, ಜಿನಸೇನರು ಆರಂಭಿಸಿ ಗುಣಭದ್ರರು ಮುಗಿಸಿದ ‘ಮಹಾಪುರಾಣ’ಕ್ಕೆ ಬಂಕಾಪುರದಲ್ಲಿ ಪೂಜೆ ನಡೆಯಿತು. ಬಂಕಾಪುರದಲ್ಲಿ ಆಗ ಆಳುತ್ತಿದ್ದವನು ಬಂಕೇಯನ ಮಗ ಲೋಕಾದಿತ್ಯ. ಆ ದಂಗೆಯ ರಾಜಪುತ್ರನು ಕೃಷ್ಣನೇ ಆಗಿದ್ದರೆ, ತನ್ನನ್ನು ಅಡಗಿಸಿದ ಸೇನಾನಿಯ ಮಗನನ್ನು ಅವನು ಪದವಿಯಲ್ಲಿ ಉಳಿಸಿಕೊಂಡಿದ್ದನೆಂದಾಯಿತು. ತಂದೆ ಹೆಸರನ್ನು ಕೊರೆಯಿಸಲಿಲ್ಲ. ಮಗ ಸೇಡನ್ನು ಸಾಧಿಸಲಿಲ್ಲ. ನೃಪತುಂಗನು ಬಹುಕಾಲದ ಗಂಗವೈರವನ್ನೂ ಹೀಗೆಯೇ ಕೊನೆಗೊಳಿಸಿದನು. ಮಗಳು ಚಂದ್ರೊಬಲಬ್ಬೆಯನ್ನು ಗಂಗ ಬೂತುಗನಿಗೆ ಕೊಟ್ಟು ವೈರದ ಮನೆಯನ್ನೇ ಬೀಗರ ಮನೆಯನ್ನಾಗಿ ಮಾಡಿಕೊಂಡನು.

ಆದರೆ ವಂಶದ ಬಿರುಕು ಪೂರ್ತಿಯಾಗಿ ಮುಚ್ಚಲಿಲ್ಲ. ಮುಮ್ಮಡಿ ಇಂದ್ರನ ತರುವಾಯ ೯೨೯ರ ಸುಮಾರಿಗೆ ಹಿರಿಯ ಮಗ ಇಮ್ಮಡಿ ಅಮೋಘವರ್ಷನು ಪಟ್ಟಕ್ಕೆ ಬಂದು ಒಂದು ವರ್ಷದಷ್ಟೇ ಆಳಿದನು. ಅನಂತರ ತಮ್ಮನಾದ ನಾಲ್ವಡಿ ಗೋವಿಂದನು ಅರಸನಾದನು. ೯೩೦ರ ಖಂಭಾತ್ ತಾಮ್ರಪಟಗಳಲ್ಲಿ ಗೋವಿಂದನ ಕವಿಯು ತನ್ನ ಒಡೆಯನು ಅಣ್ಣನ ವಿಷಯದಲ್ಲಿ ಕ್ರೌರ್ಯವನ್ನು ತೋರಲಿಲ್ಲವೆಂದೂ ಬಂಧುಸ್ತ್ರೀಯರ ವಿಷಯದಲ್ಲಿ ಅಪಕೀರ್ತಿಗೆ ಗುರಿಯಾಗಲಿಲ್ಲವೆಂದೂ ಒತ್ತಿ ಹೇಳುತ್ತಾನೆ. ಕೇಳುವ ಮೊದಲೇ ಕೊಟ್ಟ ಈ ಉತ್ತರ, ಜನರು ಏನನ್ನು ಆಡಿಕೊಳ್ಳುತ್ತಿದ್ದರೆಂಬುದನ್ನು ಬಯಲುಮಾಡಿಬಿಟ್ಟಿದೆ. ಗೋವಿಂದನ ಅಧಿಕಾರ ಹೆಚ್ಚು ಕಾಲ ಉಳಿಯಲಿಲ್ಲ. ಪಂಪನ ಆಶ್ರಯದಾತನಾದ ವೇಮುಲವಾಡದ ಅರಿಕೇಸರಿಯೇ ಮುಂತಾದ ಸಾಮಂತರು ಅವನನ್ನು ಇಳಿಸಿ, ಅವನ ಚಿಕ್ಕಪ್ಪ ಬದ್ದೆಗನನ್ನು ೯೩೬ರ ಸುಮಾರಿಗೆ ಸಿಂಹಾಸನದ ಮೇಲೆ ಕುಳ್ಳಿರಿಸಿದರು.

ಅದೇ ನೆಲದ ಪುರಾಣಗಳು

ಅರಮನೆಯಲ್ಲಿ ಇವೆಲ್ಲ ನಡೆಯುತ್ತಿದ್ದ ಎರಡು ಶತಮಾನಗಳಲ್ಲಿ ಜೈನ ಮುನಿಗಳೂ ಕವಿಗಳೂ ಬರೆದದ್ದೇನು? ಅವರು ಎತ್ತಿಕೊಂಡ ಕಥೆಗಳಲ್ಲಿ ಬಹು ಮುಖ್ಯವಾದವು ಮನೆಯೊಳಗಿನ ನೋವಿನ ಕಥೆಗಳೇ.

ಜಿನಸೇನರ ‘ಪಾರ್ಶ್ವಾಭ್ಯುದಯ’ದ ಹಿನ್ನೆಲೆಯಲ್ಲಿ ಕಮಠ ಮರುಭೂತಿಯರಿದ್ದಾರೆ. ಅಣ್ಣನಾದ ಕಮಠನು ತಮ್ಮನ ಹೆಂಡತಿಯನ್ನು ಬಯಸಿ ಕೆಡಿಸಿದ ತಪ್ಪಿಗಾಗಿ ಅರಸನಿಂದ ದೇಶಭ್ರಷ್ಟನಾಗುತ್ತಾನೆ. ತಪ್ಪು ಮಾಡಿದವನು ಅವನು. ಆದರೂ ಮನಸ್ಸು ತಡೆಯದೆ ಕಾಡಿಗೆ ಹುಡುಕಿಕೊಂಡು ಹೋಗಿ ಕಾಲಿಗೆ ಬಿದ್ದವನು ತಮ್ಮ. ಬಾಗಿದ ಆ ತಲೆಯ ಮೇಲೆ ಕಮಠನು ಬಂಡೆಯನ್ನು ಎತ್ತಿಹಾಕುತ್ತಾನೆ. ಅಲ್ಲಿಂದ ಆನೆ, ಸರ್ಪ ಮೊದಲಾದ ಜನ್ಮಗಳಲ್ಲಿ ಆ ವೈರ ಬೆನ್ನಟ್ಟುತ್ತದೆ. ಕೊನೆಗೆ ಮರುಭೂತಿಯ ಜೀವ ಪಾರ್ಶ್ವನಾಥ ತೀರ್ಥಂಕರನಾಗಿ ಧ್ಯಾನಕ್ಕೆ ನಿಂತಾಗಲೂ ಕಮಠನ ಜೀವ ಮಳೆಗರೆದು ಉಪಸರ್ಗ ಮಾಡುತ್ತದೆ. ನಮ್ಮ ಬಸದಿಗಳಲ್ಲಿ ಹೆಡೆಯೆತ್ತಿದ ಧರಣೇಂದ್ರನ ಕೆಳಗೆ ಶಾಂತನಾಗಿ ನಿಂತ ಪಾರ್ಶ್ವನಾಥನಿಗೆ ಕೈಮುಗಿಯುವಾಗ, ಆ ಉಪಸರ್ಗದ ಮೂಲದಲ್ಲಿರುವುದು ಒಂದು ಮನೆಯ ಅಣ್ಣತಮ್ಮಂದಿರ ಪ್ರಕರಣವೆಂಬುದನ್ನು ನಾವು ನೆನೆಯುವುದೇ ಇಲ್ಲ. ಕಲ್ಲಿನ ಗೆರೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಇನ್ನೊಂದು ವಿಚಾರವೂ ಇಲ್ಲಿದೆ. ತಪ್ಪಿತಸ್ಥನ ದ್ವೇಷವೇ ಹೆಚ್ಚು ಕಾಲ ಉಳಿಯಿತು. ನಾವು ಯಾರಿಗೆ ಅನ್ಯಾಯ ಮಾಡಿದ್ದೇವೆಯೋ ಅವರ ಮುಖ ನೋಡುವುದೇ ನಮಗೆ ಕಷ್ಟವಾಗುತ್ತದೆ. ಆ ಕಷ್ಟವನ್ನೇ ಅವರ ಮೇಲಿನ ಕೋಪವೆಂದು ಭ್ರಮಿಸುತ್ತೇವೆ.

ಜಿನಸೇನರ ಆದಿಪುರಾಣದ ಭರತ ಬಾಹುಬಲಿಯರ ಕಥೆಯನ್ನು ೯೪೧ರಲ್ಲಿ ಪಂಪನು ಕನ್ನಡಕ್ಕೆ ತಂದನು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದ ಬಾಹುಬಲಿ, ಸೋತ ಅಣ್ಣ ಚಕ್ರವನ್ನು ಪ್ರಯೋಗಿಸಿದ್ದನ್ನು ಕಂಡು ವಿರಕ್ತನಾಗಿ ತಪಸ್ಸಿಗೆ ನಿಂತದ್ದು ಎಲ್ಲರಿಗೂ ತಿಳಿದದ್ದು. ಒಂದು ವರ್ಷ ಅಲುಗದೆ ನಿಂತರೂ ಕೇವಲಜ್ಞಾನ ದೊರೆಯಲಿಲ್ಲ. ಅಣ್ಣನ ನೆಲದ ಮೇಲೆ ನಿಂತಿದ್ದೇನೆಂಬ ಮಾನವೇ ಅದಕ್ಕೆ ಕಾರಣವೆಂದು ಜನಜನಿತವಾದ ಕಥನ. ಜಿನಸೇನರು ಹೇಳುವ ಕಾರಣ ಇನ್ನೂ ಸೂಕ್ಷ್ಮವಾದುದು. ತನ್ನಿಂದಾಗಿ ಭರತನು ನೊಂದನಲ್ಲಾ ಎಂಬ ಅಳುಕು ಬಾಹುಬಲಿಯ ಹೃದಯದಲ್ಲಿ ಉಳಿದಿತ್ತು. ಭರತನೇ ಬಂದು ಪೂಜಿಸಿದಾಗ ಆ ಅಳುಕು ಕರಗಿ ಕೇವಲಜ್ಞಾನವು ಉದಯಿಸಿತು. ಅನ್ಯಾಯವಾದದ್ದು ಬಾಹುಬಲಿಗೆ, ಆದರೂ ಅಣ್ಣನ ನೋವು ಅವನನ್ನು ಬಿಡಲಿಲ್ಲ. ಕಾಡಿನಲ್ಲಿ ಒಬ್ಬನೇ ಎಷ್ಟು ತಪಸ್ಸು ಮಾಡಿದರೂ ಕಳೆಯದಿದ್ದುದು, ಅಣ್ಣ ನಾಲ್ಕು ಹೆಜ್ಜೆ ನಡೆದು ಬಂದದ್ದರಿಂದ ಕಳೆಯಿತು. ಬಂಧುಗಳ ನಡುವಿನ ಗಾಯವನ್ನು ಒಬ್ಬರೇ ಕುಳಿತು ವಾಸಿಮಾಡಿಕೊಳ್ಳುವುದು ಎಷ್ಟು ಕಠಿಣವೆಂಬುದನ್ನು ಈ ಪ್ರಸಂಗ ತೋರುತ್ತದೆ.

ಗಂಡಹೆಂಡಿರ ನಡುವಿನ ನೋವಿಗೆ ಯಶೋಧರನ ಕಥೆಯಿದೆ. ಸೋಮದೇವ ಸೂರಿಗಳ ‘ಯಶಸ್ತಿಲಕ’ವು ೯೫೯ರಲ್ಲಿ, ಮುಮ್ಮಡಿ ಕೃಷ್ಣನ ಕಾಲದಲ್ಲಿ, ಮುಗಿಯಿತು. ಕೆಲವೇ ವರ್ಷಗಳಲ್ಲಿ ಮಾನ್ಯಖೇಟದಲ್ಲಿಯೇ ನೆಲೆಸಿದ್ದ ಪುಷ್ಪದಂತನು ಅದನ್ನು ಅಪಭ್ರಂಶದಲ್ಲಿ ‘ಜಸಹರಚರಿಉ’ ಎಂದು ಬರೆದನು. ೧೨೦೯ರಲ್ಲಿ ಜನ್ನನು ಕನ್ನಡದಲ್ಲಿ ರಚಿಸಿದನು. ಹೆಂಡತಿ ಅಮೃತಮತಿ ಪರಪುರುಷನಲ್ಲಿ ಮನಸ್ಸಿಟ್ಟದ್ದನ್ನು ಯಶೋಧರನು ಕಣ್ಣಾರೆ ಕಾಣುತ್ತಾನೆ. ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಅಷ್ಟರಮಟ್ಟಿಗೆ ಅವನು ಗೆದ್ದನು. ಆದರೆ ಕಂಡದ್ದನ್ನು ಅವಳ ಮುಂದೆ ಆಡುವುದಿಲ್ಲ. ಜನ್ನನ ಕಾವ್ಯದಲ್ಲಿ ಅವನು ಹೂವಿನಿಂದ ಅವಳನ್ನು ಹೊಡೆದು ಒಳಗೊಂದು ಹೊರಗೊಂದು ಅರ್ಥದ ಚುಚ್ಚುಮಾತನ್ನು ಆಡುತ್ತಾನೆ. ತಾಯಿಯ ಮುಂದೆಯೂ ನಿಜ ಹೇಳದೆ, ಕೆಟ್ಟ ಕನಸು ಕಂಡೆನೆನ್ನುತ್ತಾನೆ. ಆ ಸುಳ್ಳಿನಿಂದ ತಾಯಿಗೆ ಬಲಿಯ ಯೋಚನೆ ಬರುತ್ತದೆ. ಬಲಿಯಿಂದ ತಪ್ಪಿಸಿಕೊಳ್ಳಲು ಹಿಟ್ಟಿನ ಹುಂಜ ಬರುತ್ತದೆ. ಕೊನೆಗೆ ತಾಯಿಮಕ್ಕಳಿಬ್ಬರೂ ವಿಷಕ್ಕೆ ಬಲಿಯಾಗಿ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಸಂಕಲ್ಪಹಿಂಸೆಯ ಘೋರಫಲಕ್ಕೆ ಈ ಕಥೆಯನ್ನು ಉದಾಹರಿಸುವುದು ವಾಡಿಕೆ, ಅದು ಸರಿಯೇ. ಆದರೆ ಹಿಟ್ಟಿನ ಹುಂಜಕ್ಕೂ ಮೊದಲು ಅಲ್ಲಿ ಒಂದು ಮಾಯಾಕಷಾಯವಿದೆ. ಅಮೃತಮತಿಯ ತಪ್ಪು ಅವಳದು, ಅದರ ಫಲವೂ ಅವಳದು. ಯಶೋಧರನ ತಪ್ಪಾದರೋ ನೋವನ್ನು ನೇರವಾಗಿ ಆಡದೆ ವ್ಯಂಗ್ಯವಾಗಿಯೂ ಸುಳ್ಳಾಗಿಯೂ ಹರಿಯಬಿಟ್ಟದ್ದು. ಕತ್ತಿಯನ್ನು ತಡೆದವನು ನಾಲಗೆಯನ್ನು ತಡೆಯಲಿಲ್ಲ.

ಪುಷ್ಪದಂತನ ಬದುಕಿನಲ್ಲಿಯೇ ಇದಕ್ಕೆ ವಿರುದ್ಧವಾದ ಒಂದು ಚಿತ್ರವುಂಟು. ರಾಜನೊಬ್ಬನ ಆಸ್ಥಾನದಲ್ಲಿ ಅವಮಾನ ಹೊಂದಿ, ಅಭಿಮಾನಮೇರುವೆಂದು ಹೆಸರಾಗಿದ್ದ ಈ ಕವಿ ಮಾನ್ಯಖೇಟದ ಹೊರವಲಯದ ಉದ್ಯಾನದಲ್ಲಿ ಬಂದು ಕುಳಿತಿದ್ದನು. ದುರ್ಜನರ ಹುಬ್ಬುಗಂಟನ್ನು ನೋಡುವುದಕ್ಕಿಂತ ಕಾಡಿನಲ್ಲಿ ಸಾಯುವುದು ಲೇಸೆಂಬುದು ಅವನ ನಿಲವು. ಮಂತ್ರಿ ಭರತನು ಅವನನ್ನು ಮನೆಗೆ ಕರೆತಂದು ಆದರಿಸಿದನು. ಆ ಮನೆಯಲ್ಲಿ ೯೫೯ರಿಂದ ೯೬೫ರವರೆಗೆ ಅಪಭ್ರಂಶದ ‘ಮಹಾಪುರಾಣ’ ಬೆಳೆಯಿತು. ನೊಂದವನಿಗೆ ಬುದ್ಧಿ ಹೇಳುವ ಮೊದಲು ಆಶ್ರಯ ಕೊಡಬೇಕೆಂಬುದನ್ನು ಆ ಗೃಹಸ್ಥನು ಅರಿತಿದ್ದನು.

ಪ್ರತಿಕ್ರಮಣದ ದಿನಗಣನೆ

ಹೀಗೆ ಕಷಾಯದ ಅಳತೆ ಕಾಲವಾದರೆ, ಅದರ ಮದ್ದೂ ಕಾಲಕ್ಕೆ ಸರಿಯಾಗಿ ಸಲ್ಲಬೇಕು. ‘ಮೂಲಾಚಾರ’ವು ಪ್ರತಿಕ್ರಮ��ಗಳನ್ನು ದೈವಸಿಕ, ರಾತ್ರಿಕ, ಈರ್ಯಾಪಥಿಕ, ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ, ಉತ್ತಮಾರ್ಥ ಎಂದು ಏಳು ಬಗೆಯಾಗಿ ಹೇಳುತ್ತದೆ. ಇದನ್ನು ಗೆರೆಗಳ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿದರೆ ಇದರ ಔಚಿತ್ಯ ತಿಳಿಯುತ್ತದೆ. ಹಗಲಿರುಳಿನ ಪ್ರತಿಕ್ರಮಣವು ಅಂದಂದಿನ ಕೋಪ ಬೆಳೆಯದಂತೆ ತಡೆಯುತ್ತದೆ. ತಪ್ಪಿದರೆ ಪಾಕ್ಷಿಕವಿದೆ, ಮರಳಿನ ಗೆರೆ ಮಣ್ಣಿನ ಗೆರೆಯಾಗುವ ಹದಿನೈದನೆಯ ದಿನಕ್ಕೆ ಅದು ಬಾಗಿಲು ತಟ್ಟುತ್ತದೆ. ಅದೂ ತಪ್ಪಿದರೆ ಚಾತುರ್ಮಾಸಿಕವಿದೆ. ಮಣ್ಣಿನ ಗೆರೆಯ ಆರು ತಿಂಗಳ ಗಡುವು ಮುಗಿಯಲು ಇನ್ನೂ ಎರಡು ತಿಂಗಳಿರುವಾಗಲೇ ಅದು ಎಚ್ಚರಿಸುತ್ತದೆ. ಭಾದ್ರಪದದ ದಶಲಕ್ಷಣ ಪರ್ವದ ಮೊದಲ ಧರ್ಮ ಉತ್ತಮ ಕ್ಷಮೆ. ಪರ್ವ ಮುಗಿದ ಮೇಲೆ ಬರುವುದು ಕ್ಷಮಾವಣಿ.

ಆದರೆ ಕ್ಷಮಾವಣಿಯನ್ನು ನಾವು ಹೇಗೆ ಆಚರಿಸುತ್ತಿದ್ದೇವೆ? ಒಂದು ಕಾಲದಲ್ಲಿ ಅಚ್ಚು ಹಾಕಿಸಿದ ಕಾರ್ಡುಗಳು ಅಂಚೆಯಲ್ಲಿ ಹೋಗುತ್ತಿದ್ದವು. ಈಗ ಒಂದೇ ಸಂದೇಶ ಮೊಬೈಲಿನಲ್ಲಿ ನೂರಾರು ಜನರಿಗೆ ಒಮ್ಮೆಗೇ ಹೋಗುತ್ತದೆ. ಎಂದೂ ನೋಯಿಸದ ಪರಿಚಿತರಲ್ಲಿ ಕ್ಷಮೆ ಬೇಡುತ್ತೇವೆ. ನಡುಗೋಡೆಯ ಆಚೆ ಇರುವ ತಮ್ಮನಲ್ಲಿ, ಅಡುಗೆಮನೆಯಲ್ಲಿರುವ ಹೆಂಡತಿಯಲ್ಲಿ, ಹಿಸ್ಸೆ ಕೇಳಿದಳೆಂದು ದೂರವಿಟ್ಟ ಅಕ್ಕನಲ್ಲಿ ಬೇಡುವುದಿಲ್ಲ. ಸಮಂತಭದ್ರ ಸ್ವಾಮಿಗಳು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಲ್ಲೇಖನಕ್ಕೆ ತೊಡಗುವ ಶ್ರಾವಕನು ಸ್ವಜನರನ್ನೂ ಪರಿಜನರನ್ನೂ ಕ್ಷಮಿಸಿ, ಪ್ರಿಯವಚನಗಳಿಂದ ಅವರಿಂದ ಕ್ಷಮೆ ಪಡೆಯಬೇಕೆಂದು ವಿಧಿಸಿದ್ದಾರೆ. ಅಲ್ಲಿ ಸ್ವಜನರ ಹೆಸರು ಮೊದಲು ಬಂದಿದೆ; ಮನೆಯ ಆಳುಕಾಳುಗಳನ್ನೂ ಬಿಟ್ಟಿಲ್ಲ.

ಕ್ಷಮೆಯ ಮೇರೆ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಅಗತ್ಯ. ಕ್ಷಮೆಯೆಂದರೆ ಹಿಂಸೆಗೆ ಒಪ್ಪಿಗೆಯಲ್ಲ. ಗಂಡನ ಕೈಯಲ್ಲಿ ಪೆಟ್ಟು ತಿನ್ನುವ ಹೆಣ್ಣಿಗೆ, ಮಕ್ಕಳಿಂದ ಊಟಕ್ಕೂ ಪರದಾಡುವ ವೃದ್ಧರಿಗೆ ಕ್ಷಮಾಗುಣವನ್ನು ಬೋಧಿಸಿ ಮನೆಯ ಮಾನ ಉಳಿಸಿಕೊಳ್ಳುವುದು ಧರ್ಮವಲ್ಲ. ಅದು ಹಿಂಸೆಯ ಅನುಮೋದನೆ. ಕೃತ, ಕಾರಿತ, ಅನುಮೋದಿತ ಮೂರೂ ಹಿಂಸೆಯೇ ಎಂದು ನಮ್ಮ ಶಾಸ್ತ್ರ ಹೇಳುತ್ತದೆ. ಮರುಭೂತಿ ಮನಸ್ಸಿನಲ್ಲಿ ಕ್ಷಮಿಸಿದ್ದು ಸರಿ. ಕಮಠನ ತಪ್ಪಿಗೆ ಅರಸನು ಶಿಕ್ಷೆ ವಿಧಿಸಿದ್ದೂ ಸರಿ. ಮುಮ್ಮಡಿ ಗೋವಿಂದನು ಅಣ್ಣನನ್ನು ಮರಳಿ ಅಧಿಕಾರದಲ್ಲಿಟ್ಟನು. ಅಂತೆಯೇ ಸೆರೆಯಿಂದ ಬಿಡುಗಡೆ ಮಾಡಿದ ಗಂಗ ಶಿವಮಾರನು ಮತ್ತೆ ವಿರೋಧಕ್ಕೆ ನಿಂತಾಗ ಅವನನ್ನು ಪುನಃ ಸೆರೆಯಲ್ಲಿಟ್ಟನು. ಮನಸ್ಸಿನೊಳಗಿನ ಗೆರೆಯನ್ನು ಅಳಿಸುವುದು ನೊಂದವರ ಆತ್ಮಹಿತಕ್ಕೆ; ನೋಯಿಸುವ ಕೈಯನ್ನು ಹಿಡಿದು ನಿಲ್ಲಿಸುವುದು ಬಂಧುಗಳ, ಸಮಾಜದ ಹೊಣೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಈ ಮಾತು ಅನ್ವಯಿಸುತ್ತದೆ. ಪೂಜೆಯ ಸರದಿ, ಅಭಿಷೇಕದ ಮೊದಲ ಕಲಶ, ಹಳೆಯ ಲೆಕ್ಕಪತ್ರ ಇವುಗಳಿಂದ ಹುಟ್ಟಿದ ಮನಸ್ತಾಪಗಳು ಎಷ್ಟೋ ಊರುಗಳಲ್ಲಿ ಒಂದೇ ಮನೆತನವನ್ನು ಎರಡು ಪಕ್ಷಗಳಾಗಿ ಒಡೆದಿವೆ. ಕ್ಷಮಾವಣಿಯ ದಿನ ಭಾಷಣ, ಸನ್ಮಾನಗಳಿಗೆ ಮೀಸಲಾದ ಹೊತ್ತಿನಲ್ಲಿ ಒಂದು ಗಂಟೆಯನ್ನು ತೆಗೆದಿಟ್ಟು, ಮಾತು ಬಿಟ್ಟಿರುವ ಎರಡು ಕುಟುಂಬಗಳನ್ನಾದರೂ ಹಿರಿಯರು ಒಟ್ಟಿಗೆ ಕೂಡಿಸಿದರೆ ಆ ಪರ್ವ ಸಾರ್ಥಕವಾದೀತು.

ಮಾನ್ಯಖೇಟದ ಕೊನೆಯ ಕಥೆಯನ್ನು ಹೇಳಿ ಮುಗಿಸಬಹುದು. ೯೭೨ರಲ್ಲಿ ಪರಮಾರ ಸೀಯಕನು ನಗರವನ್ನು ಸೂರೆಗೊಂಡನು. ಅದೇ ಸೂರೆಯ ಕಾಲದಲ್ಲಿ ಧಾರಾನಗರದ ಧನಪಾಲನು ತನ್ನ ತಂಗಿ ಸುಂದರಿಗಾಗಿ ‘ಪಾಇಯಲಚ್ಛೀ’ ಎಂಬ ಪ್ರಾಕೃತ ನಿಘಂಟನ್ನು ರಚಿಸಿ, ಮಾನ್ಯಖೇಟದ ಲೂಟಿಯಿಂದಲೇ ಅದರ ಕಾಲವನ್ನು ಗುರುತಿಸಿದನು. ಒಂದು ಅರಸುಮನೆ ಉರುಳಿದ ವರ್ಷವೇ ಇನ್ನೊಂದು ಮನೆಯಲ್ಲಿ ಅಣ್ಣನ ವಾತ್ಸಲ್ಯದ ಕಾಣಿಕೆಯ ವರ್ಷವೂ ಆಯಿತು. ಮರುವರ್ಷವೇ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗೊಳಿಸಿದನು. ಸಿಂಹಾಸನವನ್ನು ಮರಳಿ ಪಡೆಯಲಾರದೆ ಹೋದ ನಾಲ್ವಡಿ ಇಂದ್ರನು ೯೮೨ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದನು. ಎದುರಿನ ಬೆಟ್ಟದಲ್ಲಿ ಚಾವುಂಡರಾಯನು ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದ ಕಾಲವೂ ಅದೇ. ಆ ಚಾವುಂಡರಾಯನಿಗಾಗಿಯೇ ನೇಮಿಚಂದ್ರರು ಕ್ರೋಧದ ನಾಲ್ಕು ಗೆರೆಗಳನ್ನು ‘ಗೊಮ್ಮಟಸಾರ’ದಲ್ಲಿ ಬರೆದರು. ಅಣ್ಣತಮ್ಮಂದಿರ ಕಲಹಗಳಿಂದ ಮತ್ತೆ ಮತ್ತೆ ಸೀಳಿದ ಒಂದು ವಂಶದ ಕೊನೆಯ ಕುಡಿ, ಅಣ್ಣನನ್ನು ಗೆದ್ದೂ ಎಲ್ಲವನ್ನೂ ಬಿಟ್ಟುಕೊಟ್ಟವನ ಸನ್ನಿಧಿಯಲ್ಲಿ ಕಷಾಯಗಳನ್ನು ಕೃಶಗೊಳಿಸಿ ಪ್ರಾಣ ಬಿಟ್ಟಿತು.

ಅರಸರಿಗೆ ರಾಜ್ಯವಿತ್ತು, ಕಾದಾಡಿದರು. ನಮ್ಮಲ್ಲಿರುವುದು ಒಂದು ಮನೆ, ನಾಲ್ಕೆಕರೆ ಹೊಲ, ಒಂದು ಅಂಗಡಿ, ಹಿರಿಯರ ಕಾಲದ ಒಂದಿಷ್ಟು ಚಿನ್ನ. ಇಷ್ಟಕ್ಕಾಗಿ ಎಳೆದ ಗೆರೆಗಳಲ್ಲಿ ಯಾವುದು ನೀರಿನ ಮೇಲಿದೆ, ಯಾವುದು ಮಣ್ಣಿಗೆ ಇಳಿದಿದೆ, ಯಾವುದು ಕಲ್ಲನ್ನು ಮುಟ್ಟಿದೆ ಎಂಬುದು ಅವರವರಿಗೇ ಗೊತ್ತು. ಮುಂದಿನ ಕ್ಷಮಾವಣಿಯವರೆಗೆ ಕಾಯಬೇಕಾಗಿಲ್ಲ. ಪಾಕ್ಷಿಕ ಪ್ರತಿಕ್ರಮಣ ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಸಂಜೆಯ ಪ್ರತಿಕ್ರಮಣವಂತೂ ಇಂದೇ ಇದೆ.